ಶ್ರೀಯುತ ಯಂಕೋಬ ಅವರ ರಷ್ಯಾ

“ಮಮ್ಮೀ, ಯಂಕೋಬ ತಾತ ರಷ್ಯಾದಾಗ ಎಷ್ಟು ವರ್ಷ ಇದ್ದ?”

ಮಗಳು ಚನ್ನು ಹೀಗೆ ಕೇಳಿದ್ದು ಕಳೆದ ಭಾನುವಾರ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿದ್ದಾಗ. ಒಂದನೇ ಕ್ಲಾಸಿನ ಹುಡುಗಿ. ನಮ್ಮ ಓಣಿಯ ದುಬೈ ಬಂದೇಸಾಬ ಎಂಟು ವರ್ಷ ದುಬೈಯಲ್ಲಿದ್ದು ಬಂದವನು. ಹಾಗಾದರೆ ರಷ್ಯಾ ಯಂಕೋಬನೂ ರಷ್ಯಾದಲ್ಲಿದ್ದು ಬಂದಿರಲೇಬೇಕು ಎಂಬುದು ಅವಳ ತರ್ಕ.

“ಒಂದು ದಿನಾನೂ ಇದ್ದಿಲ್ಲ. ತಾತ ಹೈದರಾಬಾದ್ ದಾಟಿ ಆಚೆ ಹೋಗ್ಯಾನೋ ಇಲ್ಲೋ.”

“ಮತ್ತ ಎಲ್ಲಾರೂ ಯಾಕ ಹಂಗ ಕರೀತಾರ?”

“ಅಲ್ಲಾಡಬ್ಯಾಡ, ಬೈತಲೆ ಸೊಟ್ಟ ಆಗ್ತದ.”

ಉತ್ತರ ಗೊತ್ತಿಲ್ಲದೆ ಹಾಗೆ ಅಂದದ್ದಲ್ಲ. ಆರು ವರ್ಷದವಳಿಗೆ ಎಲ್ಲಿಂದ ಶುರು ಮಾಡಿ ಹೇಳಬೇಕೆಂದು ಹೊಳೆಯಲಿಲ್ಲ. ಅದಕ್ಕೆ ಈ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ನನ್ನ ತವರು ವಳಕಮದಿನ್ನಿ. ಊರಿನಿಂದ ನಮ್ಮ ಹೊಲಕ್ಕೆ ಹೋಗುವ ದಾರಿಯಲ್ಲಿ ತುಂಗಭದ್ರಾ ಕಾಲುವೆಯ ಗೇಟು, ಗೇಟಿನ ಪಕ್ಕ ಒಂದು ಕೋಣೆಯ ಸರಕಾರಿ ಕಟ್ಟಡ. ಯಂಕೋಬ ಕಾಕಾ ಅಲ್ಲಿ ಲಸ್ಕರ್ ಆಗಿದ್ದರು. ಮೇಲಿನಿಂದ ಹುಕುಂ ಬಂದಾಗ ಗೇಟು ಎತ್ತುವುದು, ಇಳಿಸುವುದು, ಬೆಳಿಗ್ಗೆ ಸಂಜೆ ನೀರಿನ ಮಟ್ಟ ಅಂದರೆ ಗೇಜು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಹತ್ತನೆಯ ತರಗತಿಯವರೆಗೆ ಓದಿದ್ದರು. ಅಕ್ಷರ ಮಾತ್ರ ಮುತ್ತಿನ ಹಾಗೆ.

ಆ ರಿಜಿಸ್ಟರಿನ ಎಡಪುಟದಲ್ಲಿ ಗೇಜು, ಬಲಪುಟದಲ್ಲಿ ರಷ್ಯಾದ ಸುದ್ದಿ. ಇದು ಸಾಹೇಬರಿಗೂ ಗೊತ್ತಿತ್ತು. ಹಳೆಯ ಸಾಹೇಬರೊಬ್ಬರು ನೋಡಿ, “ಏನಯ್ಯ ಇದು, ಎಡಕ್ಕ ತುಂಗಭದ್ರಾ, ಬಲಕ್ಕ ವೋಲ್ಗಾ?” ಎಂದು ನಕ್ಕು ಬೇರೆ ರಿಜಿಸ್ಟರನ್ನೇ ಕೊಡಿಸಿದ್ದರಂತೆ. ಆದರೂ ಕಾಕಾ ಗೇಜಿನ ಕಾಲಮ್ಮು ಬಿಡಲಿಲ್ಲ. ಸ್ವಂತ ರಿಜಿಸ್ಟರಿನಲ್ಲೂ ಎಡಕ್ಕೆ ಆ ದಿನದ ನೀರಿನ ಮಟ್ಟ ಬರೆದೇ ಬಲಕ್ಕೆ ಹೋಗುತ್ತಿದ್ದರು. “ಮೊದಲ ಕಣ್ಣಿಗೆ ಕಂಡದ್ದು ಬರೀಬೇಕು, ಆಮ್ಯಾಲ ಕಿವಿಗೆ ಬಿದ್ದದ್ದು,” ಎನ್ನುತ್ತಿದ್ದರು.

ಶುರುವಾದದ್ದು ರೇಡಿಯೋದಿಂದ. ನಾನು ಹುಟ್ಟುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಗೇಟಿನ ಕೋಣೆಯಲ್ಲಿ ಒಬ್ಬರೇ ಕೂತು ಮುಳ್ಳು ತಿರುಗಿಸುವಾಗ, ಮಾಸ್ಕೋದಿಂದ ಕನ್ನಡ ಕೇಳಿಸಿತಂತೆ. ಕೊರಕೊರ ಸದ್ದಿನ ನಡುವೆ ಒಂದು ಹೆಂಗಸಿನ ದನಿ, ತುಸು ವಿಚಿತ್ರವಾಗಿ, ಪ್ರತಿ ಅಕ್ಷರವನ್ನೂ ನೆಲಕ್ಕೆ ಊರಿ ಊರಿ ಆಡುವ ಕನ್ನಡ. ಕಾಕಾ ಒಂದು ಕಾಗದ ಬರೆದರು. ನಿಮ್ಮಲ್ಲಿ ಭತ್ತ ಬೆಳೆಯುತ್ತಾರೋ, ಕಾಲುವೆಗಳಿವೆಯೋ, ಕಾಲುವೆಗೆ ಲಸ್ಕರ್ ಇರುತ್ತಾನೋ ಎಂದು ಕೇಳಿದರು. ಮೂರು ತಿಂಗಳಿಗೆ ಆ ಹೆಂಗಸಿನಿಂದಲೇ ಉತ್ತರ ಬಂತು. ಲಕೋಟೆಯ ಮೇಲೆ, ಒಳಗೆ ಕೂಡ, ದುಂಡನೆಯ ಕನ್ನಡದಲ್ಲಿ: ‘ಶ್ರೀಯುತ ಯಂಕೋಬ ಅವರಿಗೆ.’

ಆ ಹೊತ್ತಿಗೆ ಅವರಿಗೆ ಇಪ್ಪತ್ತಾರು ವರ್ಷ. ಅಲ್ಲಿಯವರೆಗೆ ಅವರ ಹೆಸರಿನ ಮುಂದೆ ಯಾರೂ ಏನನ್ನೂ ಸೇರಿಸಿರಲಿಲ್ಲ. ಅವರ ಮನೆ ಊರ ಆಚೆಯ ಕೇರಿಯಲ್ಲಿತ್ತು. ನಮ್ಮಪ್ಪನೂ, ಒಳ್ಳೆಯ ಮನುಷ್ಯ, “ಏ ಯಂಕೋಬ” ಎಂದೇ ಕರೆಯುತ್ತಿದ್ದ. ನಮ್ಮವ್ವ ಅವರಿಗೆ ಚಹಾ ಕೊಡುತ್ತಿದ್ದದ್ದು ಹಿತ್ತಲಿನ ಗೂಡಿನಲ್ಲಿ ಬೋರಲು ಹಾಕಿಟ್ಟ ಬೇರೆ ಕಪ್ಪಿನಲ್ಲಿ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಚನ್ನು ಓದುವಾಗ ಅವಳಿಗೂ ಗೊತ್ತಿರಲಿ ಎಂದು ಬರೆದಿದ್ದೇನೆ.

ಹಾಗೆ ಕಾಗದ, ಕ್ಯಾಲೆಂಡರು, ಬಣ್ಣದ ಪತ್ರಿಕೆಗಳು ಬಂದವು. ನಾನು ಶಾಲೆಗೆ ಹೋಗುವ ಹೊತ್ತಿಗೆ ಆ ದೇಶವೇ ಒಡೆದು ಹತ್ತು ವರ್ಷವಾಗಿತ್ತು. ಕನ್ನಡದ ದನಿಯೂ ನಿಂತಿತ್ತು. ಆದರೆ ಪತ್ರಿಕೆಗಳ ದೊಡ್ಡ ಗಂಟು ಕೋಣೆಯ ಅಟ್ಟದಲ್ಲಿತ್ತು. ಪ್ರತಿ ಜೂನ್ ತಿಂಗಳು ನಾನು ಪುಸ್ತಕದ ಚೀಲ ಹೊತ್ತು ಅಲ್ಲಿಗೆ ಓಡುತ್ತಿದ್ದೆ. ಕಾಕಾ ಆ ದಪ್ಪ ನುಣುಪು ಹಾಳೆಗಳಿಂದ ಎಲ್ಲ ಪುಸ್ತಕಕ್ಕೂ ಕವರು ಹಾಕಿಕೊಡುತ್ತಿದ್ದರು. ಗಣಿತಕ್ಕೆ ಹಿಮದ ಮೇಲಿನ ರೈಲು. ಕನ್ನಡಕ್ಕೆ ತಲೆಗೆ ರುಮಾಲು ಕಟ್ಟಿ ಟ್ರ್ಯಾಕ್ಟರ್ ಹೊಡೆಯುವ ಹೆಂಗಸು. ಮಳೆಯಲ್ಲಿ ನೆಂದರೂ ಆ ಕವರು ಹರಿಯುತ್ತಿರಲಿಲ್ಲ. ನಾಲ್ಕನೆಯ ತರಗತಿಯ ಇಮಾಮ್‌ಸಾಬ್ ಮಾಸ್ತರರು ನನ್ನ ಪುಸ್ತಕ ಎತ್ತಿ ಹಿಡಿದು, “ಈಕೀದು ಪಾಠ ನಮ್ಮೂರಿಂದು, ಹೊದಿಕಿ ಮಾಸ್ಕೋದ್ದು” ಎಂದು ಇಡೀ ತರಗತಿಯನ್ನು ನಗಿಸಿದ್ದರು.

ನನಗೆ ಒಂಬತ್ತು ವರ್ಷವಾಗಿದ್ದಾಗಿನ ಒಂದು ಸಂಜೆ ಚೆನ್ನಾಗಿ ನೆನಪಿದೆ. ಕಾಲುವೆಗೆ ನೀರು ತುಂಬಿ ಬಂದಿತ್ತು, ಗೇಟಿನ ಕೆಳಗೆ ನೊರೆ. ಕಾಕಾ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಏನಾಯಿತೆಂದು ಕೇಳಿದೆ.

“ರಷ್ಯಾದಾಗ ಇನ್ನ ಮ್ಯಾಲ ರಾಜ್ಯಪಾಲರನ್ನ ಜನ ಆರಿಸಂಗಿಲ್ಲಂತವಾ. ಅಧ್ಯಕ್ಷನs ಹೆಸರು ಹೇಳತಾನಂತ.”

“ಅಂದ್ರ?”

“ಅಂದ್ರ ನೋಡು. ಈ ಗೇಟಿನ ಕೀಲಿ ಯಾರ ಹತ್ರ ಐತಿ?”

“ನಿಮ್ಮ ಹತ್ರ.”

“ಮುಂದಿನ ಗೇಟಿಂದು ಮುಂದಿನ ಲಸ್ಕರ್ ಹತ್ರ. ಹಿಂಗ ಒಬ್ಬೊಬ್ಬರ ಹತ್ರ ಒಂದೊಂದು. ಜಗಳ ಆಗ್ತಾವ, ಖರೇ. ಒಬ್ಬ ಹೆಚ್ಚು ಬಿಡ್ತಾನ, ಒಬ್ಬ ಬಿಡಂಗs ಇಲ್ಲ. ಅಲ್ಲೂ ಹತ್ತು ವರ್ಷ ಹಂಗ ಆಗಿತ್ತು, ಜಿಲ್ಲಾಕ್ಕೊಂದು ಕಾನೂನು. ಈಗೊಬ್ಬ ಬಂದು ಎಲ್ಲಾ ಕೀಲಿ ಒಂದು ಉಂಗುರಕ್ಕ ಹಾಕ್ಕೊಂಡು ಸೊಂಟಕ್ಕ ಕಟ್ಟಿಗೊಂಡಾನ.”

“ಚಲೋ ಆತಲ್ಲ. ಜಗಳ ನಿಂತ್ವು.”

“ನಿಂದರ್ತಾವ. ಆದ್ರ ಗೇಜು?” ಕಾಕಾ ಮೆಲ್ಲಗೆ ನಕ್ಕರು. “ಕೀಲಿ ಎಲ್ಲಾ ಒಬ್ಬನ ಹತ್ರ ಇದ್ರ, ನೀರು ಎಷ್ಟೈತಿ ಅಂತ ಅವ ಕೇಳಿದಾಗ ನಾವೇನು ಹೇಳ್ತೀವಿ? ಅವನಿಗೆ ಎಷ್ಟು ಬೇಕೋ ಅಷ್ಟು ಹೇಳ್ತೀವಿ. ನೌಕರಿ ಉಳೀಬೇಕಲ್ಲ.”

ನನಗೆ ಪೂರ್ತಿ ತಿಳಿದಿರಲಿಲ್ಲ. ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎ. ಓದುವಾಗ ರಾಜ್ಯಶಾಸ್ತ್ರದ ಪೇಪರಿನಲ್ಲಿ ರಷ್ಯಾದ ಕೇಂದ್ರೀಕೃತ ಆಡಳಿತದ ಬಗ್ಗೆ ಪ್ರಶ್ನೆ ಬಂದಾಗ ತಿಳಿಯಿತು. ಗೈಡಿನಲ್ಲಿದ್ದದ್ದು ಬಿಟ್ಟು ಕೀಲಿ, ಉಂಗುರ, ಗೇಜು ಎಲ್ಲ ಬರೆದುಬಂದೆ. ಬೆಂಚಿನ ಆ ತುದಿಯಲ್ಲಿ ಕೂರುತ್ತಿದ್ದ ಹಂಪಣ್ಣ ಹೊರಗೆ ಬಂದು ಕೇಳಿ, “ಲೇ ವಿಜಿ, ನೀ ಪಾಸಾದ್ರ ನಾ ಮೀಸೆ ಬೋಳಿಸ್ತೀನಿ” ಅಂದಿದ್ದ. ಅವನಿಗೆ ಆಗ ಮೀಸೆಯೇ ಇರಲಿಲ್ಲ. ನನಗೆ ಎಪ್ಪತ್ತೆಂಟು ಬಂತು.

ಅದೇ ವರ್ಷಗಳಲ್ಲಿ ಕ್ರಿಮಿಯಾದ ಗಲಾಟೆ. ಅದಕ್ಕೆ ಒಂದು ವಾರ ಮೊದಲೇ ಕಾಕಾ, “ಆ ಬಂದರದಾಗ ಅವರ ಹಡಗ ಅದಾವು. ಅದನ್ನ ಬಿಟ್ಟುಕೊಡಂಗಿಲ್ಲ, ನೋಡ್ತಿರು” ಎಂದಿದ್ದರು. ಹಾಗೇ ಆಯಿತು, ರಷ್ಯಾ ಕ್ರಿಮಿಯಾವನ್ನು ತನ್ನದಾಗಿಸಿಕೊಂಡಿತು. ಸಿಂಧನೂರು-ಮಸ್ಕಿ ರಸ್ತೆಯ ರಾಜೇಸಾಬನ ಚಹಾದ ಅಂಗಡಿಯಲ್ಲಿ ಅವರ ಮಾತಿಗೆ ಬೆಲೆ ಬಂದದ್ದು ಆಗಲೇ. ರಷ್ಯಾ ಯಂಕೋಬ ಎಂಬ ಹೆಸರೂ ಆಗಲೇ. ನಿವೃತ್ತಿಯಾಗಿ, ಶಾಲೆಯ ಶಿಕ್ಷಕಿಯಾದ ಮಗಳು ಸುರೇಖಾಳ ಜೊತೆ ಸಿಂಧನೂರಿಗೆ ಬಂದು ನೆಲೆಸಿದ ಮೇಲಂತೂ ದಿನಾ ಬೆಳಿಗ್ಗೆ ಅಂಗಡಿಯ ಮುಂದಿನ ಬೆಂಚು ಅವರದು. ಒಂದು ಪೇಪರು, ಅರ್ಧ ಚಹಾ, ಸುತ್ತ ಏಳೆಂಟು ಜನ. ಗ್ಯಾಸಿನ ಪೈಪು ಮುಚ್ಚಿ ಯುರೋಪನ್ನು ನಡುಗಿಸಿದ ಕಥೆ, ಚೀನಾದ ಜೊತೆ ಹೊಸ ಗೆಳೆತನ, ಅಧ್ಯಕ್ಷನ ಅವಧಿ ಮತ್ತೆ ಮೊದಲಿನಿಂದ ಎಣಿಸುವಂತೆ ಸಂವಿಧಾನ ತಿದ್ದಿದ್ದು, ಎಲ್ಲವನ್ನೂ ಹೇಳುತ್ತಿದ್ದರು. ನಾನೂ ಮದುವೆಯಾಗಿ ಅದೇ ಓಣಿಗೆ ಬಂದಿದ್ದೆ. ಗಂಡ ಸಿದ್ದಲಿಂಗೇಶನದು ಗೊಬ್ಬರದ ಅಂಗಡಿ. “ನಿಮ್ಮ ಕಾಕಾ ಮಾತಾಡಾಕತ್ರ ನನಗ ಪೊಟ್ಯಾಶ್ ಯಾವ ಹಡಗದಾಗ ಬರಾಕತ್ತೈತಿ ಅನ್ನೂದೂ ಗೊತ್ತಾಗ್ತದ,” ಎಂದು ಅವರೂ ಆಗಾಗ ಹೋಗಿ ನಿಲ್ಲುತ್ತಿದ್ದರು.

ಆಮೇಲೆ ಬಂದದ್ದು ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿ.

ಉಕ್ರೇನಿನ ಗಡಿಯಲ್ಲಿ ದಂಡು ಕೂಡಿತ್ತು. ದಾಟುತ್ತಾರೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಿದ್ದರು. ಕಾಕಾ ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳಿದರು.

“ದಾಟಂಗಿಲ್ಲ. ನಾ ಮೂವತ್ತೆಂಟು ವರ್ಷ ಗೇಟಿನ ಮ್ಯಾಲ ನಿಂತೀನಿ. ಬಂದ್ ಮಾಡ್ತೀನಿ, ಬಂದ್ ಮಾಡ್ತೀನಿ ಅಂತ ಹೆದರಿಸವ ಬಂದ್ ಮಾಡಂಗಿಲ್ಲ. ಹೆದರಿಸಿದಷ್ಟು ದಿನ ಕೆಳಗಿನವರು ಅವನ ಮಾತು ಕೇಳ್ತಾರ. ಬಂದ್ ಮಾಡಿದ ದಿನಾನ ಅವನ ಕಿಮ್ಮತ್ತು ಹೋತು.”

“ಬರದು ಕೊಡ್ತೀರೇನ್ರೀ?” ಎಂದು ಯಾರೋ ಕೆಣಕಿದರು.

“ಆಗಲೇ ಬರದೀನಿ. ರಿಜಿಸ್ಟರಿನ್ಯಾಗ.”

ಎರಡು ದಿನಕ್ಕೆ ಯುದ್ಧ ಶುರುವಾಯಿತು.

ಜನ ಕ್ರೂರಿಗಳಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೆ. “ಯಂಕೋಬಣ್ಣ, ನಿನ್ನ ಗೇಟು ಒಡೀತಲ್ಲೋ!” ಎಂದರು. ಆ ಮುಂಗಾರಿನಲ್ಲಿ ಯುದ್ಧದಿಂದಾಗಿ ಪೊಟ್ಯಾಶ್ ಗೊಬ್ಬರ ಸಿಗದೆ ರೈತರು ಪರದಾಡಿದರು. ದಢೇಸುಗೂರಿನಿಂದ ಬಂದ ಒಬ್ಬ ಹಿರಿಯ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ಚೀಲ ಯಾವಾಗ ಬರ್ತಾವ ಅಂತ ನಿಮ್ಮ ರಷ್ಯಾದವನ್ನ ಕೇಳ್ರೆಪಾ, ಅವನ ಮಾತು ಸುಳ್ಳಾಗಂಗಿಲ್ಲಂತ!” ಎಂದು ಕೂಗಿದ. ಕಾಕಾ ಆಗ ರಸ್ತೆಯ ಆಚೆ ಬದಿಯಲ್ಲಿ ಹಾಲಿನ ಪಾಕೀಟು ಹಿಡಿದು ಹೋಗುತ್ತಿದ್ದರು. ಕೇಳಿಸಿತು. ನಿಲ್ಲಲಿಲ್ಲ.

ಅಂದಿನಿಂದ ಬೆಂಚಿಗೆ ಹೋಗಲಿಲ್ಲ. ರಿಜಿಸ್ಟರೂ ತೆರೆಯಲಿಲ್ಲ. ಸುರೇಖಾ ಪೇಪರು ತಂದಿಟ್ಟರೆ ಆಟದ ಪುಟ, ಧಾರಣೆ ಪುಟ ನೋಡಿ ಮಡಚಿಡುತ್ತಾರಂತೆ. ಮೂರು ವರ್ಷ ದಾಟಿತು. ಅವರು ರಷ್ಯಾದ ಬಗ್ಗೆ ಒಂದು ಮಾತಾಡಿದ್ದನ್ನೂ ಚನ್ನು ಕೇಳಿಲ್ಲ. ಹೆಸರು ಮಾತ್ರ ಉಳಿದಿದೆ. ಆ ಪ್ರಶ್ನೆ ಹುಟ್ಟಿದ್ದು ಅದಕ್ಕೇ.

ಪ್ರಶ್ನೆ ಬಂದ ಮರುದಿನವೇ ಹಂಪಣ್ಣನ ಫೋನು ಬಂತು. ಅವನೀಗ ನಾವು ಓದಿದ ಕಾಲೇಜಿನಲ್ಲೇ ರಾಜ್ಯಶಾಸ್ತ್ರದ ಉಪನ್ಯಾಸಕ. ಮೀಸೆಯೂ ಬಂದಿದೆ.

“ವಿಜಿ, ಫೈನಲ್ ಬಿ.ಎ. ಹುಡುಗರಿಗೆ ಈ ಗುರುವಾರ ಇಂದಿನ ರಷ್ಯಾದ ಮ್ಯಾಲ ಒಂದು ಭಾಷಣ ಇಡ್ಸೀನಿ. ನಿಮ್ಮ ಯಂಕೋಬ ಕಾಕಾನ್ನ ಕರ್ಕೊಂಡು ಬಾ. ಈ ಹುಡುಗರು ಮೊಬೈಲಿನ್ಯಾಗ ನೋಡಿ ಅರ್ಧ ಮಂದಿ ಅಲ್ಲಿನ ಅಧ್ಯಕ್ಷನ್ನ ದೇವರು ಅಂತಾರ, ಅರ್ಧ ಮಂದಿ ರಾಕ್ಷಸ ಅಂತಾರ. ನಲವತ್ತು ವರ್ಷ ಕೂತು ಬರ್ಕೊಂಡ ಮನಷಾ ಒಬ್ಬನ್ನ ಅವರು ನೋಡ್ಲಿ.”

“ಕಾಕಾ ಮಾತು ಬಿಟ್ಟಾರೋ ಹಂಪಣ್ಣ.”

“ಅದಕ್ಕ ಕೇಳಾಕತ್ತೀನಿ. ಅವರು ಬರಂಗಿಲ್ಲ ಅಂದ್ರ ನಾನೂ ಗೈಡ್ ಓದಿ ಹೇಳ್ತೀನಿ, ಇನ್ನೇನು.”

ಸಂಜೆ ಚನ್ನುವನ್ನು ಕರೆದುಕೊಂಡು ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಮಾತು ಹೇಗೆ ತೆಗೆಯುವುದೆಂದು ಯೋಚಿಸುತ್ತಿರುವಾಗಲೇ ಮಗಳು ಶುರು ಮಾಡಿದಳು.

“ತಾತಾ, ನೀ ರಷ್ಯಾ ನೋಡೇ ಇಲ್ಲಂತಲ್ಲ, ಖರೇ?”

“ಖರೇ, ನನ್ನವ್ವಾ.”

“ಮತ್ತ ಸುಳ್ಳ್ಯಾಕ ಹೆಸರಿಟ್ಕೊಂಡಿ?”

“ಏ ಚನ್ನು!” ಎಂದೆ. ಕಾಕಾ ಕೈಯೆತ್ತಿ ನನ್ನನ್ನು ತಡೆದರು. ಬಹಳ ದಿನಗಳ ಮೇಲೆ ನಗುತ್ತಿದ್ದರು.

“ಕೇಳ್ಲಿ ಬಿಡು. ಇಷ್ಟು ನೇರ ಯಾರೂ ಕೇಳಿದ್ದಿಲ್ಲ.”

ಕಾಲೇಜಿನ ಮಾತು ಹೇಳಿದೆ. ನಗು ಇಳಿಯಿತು. ತಲೆ ಅಲ್ಲಾಡಿಸಿದರು.

“ಬ್ಯಾಡವಾ. ತಪ್ಪು ಗೇಜು ಹೇಳಿದ ಲಸ್ಕರ್ ನಾನು. ಆ ಹುಡುಗರ ಮುಂದ ಯಾವ ಮುಖ ಇಟ್ಕೊಂಡು ನಿಂದ್ರಲಿ?”

“ದೊಡ್ಡ ದೊಡ್ಡ ಪಂಡಿತರೂ ಹಂಗ ಹೇಳಿದ್ರು ಕಾಕಾ. ನೀವೊಬ್ರ ಅಲ್ಲ.”

“ಅವರಿಗೆ ಗೊತ್ತಿದ್ದಿಲ್ಲ, ತಪ್ಪಿದ್ರು. ನನಗ ಗೊತ್ತಿತ್ತು.”

ಒಳಗಿನಿಂದ ಸುರೇಖಾ ಬಾಗಿಲಿಗೆ ಬಂದು ನಿಂತಳು. “ನೋಡ್ರಿ ಅಕ್ಕಾ, ನಾ ಹೇಳಿ ಹೇಳಿ ಸಾಕಾಗೀನಿ. ಆ ಒಂದು ಹಾಳಿ ಹರದು ಒಗೀರಿ ಅಪ್ಪಾಜಿ, ಉಳಿದದ್ದು ಕಾಲೇಜಿನವರಿಗೆ ತೋರಸ್ರಿ. ಯಾರಿಗೂ ಗೊತ್ತಾಗಂಗಿಲ್ಲ. ಹಿಂದಿನ ಮೂವತ್ತೆಂಟು ವರ್ಷ ಚಲೋನ ಅದಾವಲ್ಲ.”

ಕಾಕಾ ಪುಂಡಿಯ ಎಲೆ ಬಿಡಿಸುತ್ತಲೇ ನನ್ನ ಕಡೆ ತಿರುಗಿ ಕೇಳಿದರು.

“ನೀ ಸಣ್ಣಾಕಿ ಇದ್ದಾಗ ಕೀಲಿ ಉಂಗುರದ್ದು ಹೇಳಿದ್ನಲ್ಲ, ನೆನಪೈತಿ?”

“ಅದಕ್ಕ ಎಪ್ಪತ್ತೆಂಟು ಮಾರ್ಕ್ಸ್ ಬಿದ್ದಾವು ಕಾಕಾ, ಹ್ಯಾಂಗ ಮರೀಲಿ?”

“ಕೀಲಿ ಎಲ್ಲಾ ಒಬ್ಬನ ಹತ್ರ ಹ್ವಾದ್ರ ಖರೇ ಗೇಜು ಹೇಳವರು ಉಳಿಯಂಗಿಲ್ಲ ಅಂದಿದ್ದೆ. ಅದು ನನ್ನ ಮಾತs. ನೀರಿನ ಮಟ್ಟ ಗೊತ್ತಿಲ್ಲದವ ಗೇಟು ಒಡೀತಾನೋ ಬಿಡ್ತಾನೋ, ಯಾರಿಗೆ ಗೊತ್ತು? ಹೆದರಿಸವ ಬಂದ್ ಮಾಡಂಗಿಲ್ಲ ಅನ್ನೂದು ಲೆಕ್ಕ ತಿಳದ ಮನಷಾಗ. ಮೂರು ದಿನದಾಗ ಗೆಲ್ತೀರಿ ಸಾಹೇಬ್ರ ಅಂತ ಸುತ್ತಲಿನವರು ಹೇಳ್ತಿದ್ರ, ಅವ ಯಾಕ ನಿಂದರ್ತಾನ? ಇದನ್ನ ಇಪ್ಪತ್ತು ವರ್ಷದ ಹಿಂದ ನಾನ ಬರದೀನಿ. ಹಾಳಿ ಹಿಂದಕ್ಕ ತಿರುವಿದ್ರ ಸಿಗ್ತಿತ್ತು. ತಿರುವಲಿಲ್ಲ.”

“ಯಾಕ ತಿರುವಲಿಲ್ರೀ?”

ಅವರು ಬಿಡಿಸಿದ ಎಲೆಗಳನ್ನು ಮೊರದಲ್ಲಿ ಒಟ್ಟು ಮಾಡಿದರು. ದೇಟುಗಳನ್ನು ಒಂದೊಂದಾಗಿ ಆಯ್ದು ಬೇರೆ ಇಟ್ಟರು.

“ಶ್ರೀಯುತ ಅಂತ ಬರೆದವರು ಅವರು,” ಎಂದರು. “ಅವರ ದೇಶ ಇನ್ನೊಬ್ಬರ ಮನಿ ಮ್ಯಾಲ ಬಾಂಬು ಹಾಕ್ತದ ಅಂತ ಬರಿಯಾಕ ಕೈ ಬರಲಿಲ್ಲವಾ. ಕಾಗದ ಬರದಾಕಿ ಬ್ಯಾರೆ, ಕೀಲಿ ಹಿಡದವ ಬ್ಯಾರೆ ಅನ್ನೂದು ಗೊತ್ತಿದ್ರೂ ಬರಲಿಲ್ಲ. ಆಕಿ ದನಿ ಕಿವ್ಯಾಗಿತ್ತು.”

ಸುರೇಖಾ ಬಾಗಿಲಿನಿಂದ ಒಳಗೆ ಹೋದಳು. ಹಾಳೆ ಹರಿಯುವ ಮಾತು ಮತ್ತೆ ಎತ್ತಲಿಲ್ಲ. ಚನ್ನು ಒಂದು ಪುಂಡಿ ಎಲೆ ಬಾಯಿಗೆ ಹಾಕಿಕೊಂಡು ಹುಳಿಗೆ ಕಣ್ಣು ಮುಚ್ಚಿದಳು.

ನಾನು ದೊಡ್ಡ ಮಾತು ಬಲ್ಲವಳಲ್ಲ. ಅಂಗಡಿ, ಮಗು, ಡೈರಿ ಇಷ್ಟೇ ನನ್ನ ಪ್ರಪಂಚ. ಆದರೆ ಮಕ್ಕಳನ್ನು ಬೆಳೆಸುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಸರಿ ಹೇಳಿದವರ ಮಾತು ಅವು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತವೆ. ದೊಡ್ಡವರು ತಾವು ತಪ್ಪಿದ್ದನ್ನು ಹೇಳಿಕೊಂಡರೆ ಮಾತ್ರ ಬಾಯಿ ಬಿಟ್ಟು ಕೂತು ಕೇಳುತ್ತವೆ. ಅಷ್ಟನ್ನು ಹೇಳಿದೆ.

“ಹುಡುಗರಿಗೆ ಇದನ್ನ ಹೇಳ್ರಿ ಕಾಕಾ. ಈಗ ಹೇಳಿದ್ರಲ್ಲ, ಇದನ್ನs. ರಷ್ಯಾದ ಎಣ್ಣಿ ನಮ್ಮ ದೇಶಕ್ಕ ಯಾಕ ಬರ್ತದ, ಯಾರು ಯಾರ ಕಡೆ ವೋಟ್ ಹಾಕಿದ್ರು, ಅದೆಲ್ಲಾ ಹಂಪಣ್ಣ ಹೇಳ್ತಾನ. ಇದನ್ನ ಹೇಳವರು ಯಾರದಾರ?”

ಕಾಕಾ ರಸ್ತೆಯ ಕಡೆ ನೋಡಿದರು. ಮಸ್ಕಿಯ ಬಸ್ಸು ಹಾದು ಹೋಯಿತು, ಧೂಳು ಎದ್ದು ಕೂತಿತು.

“ಗುರುವಾರ ಅಂದ್ಯೇನು?”

“ಗುರುವಾರ. ಹನ್ನೊಂದು ಗಂಟೆಗೆ. ಒಂಬತ್ತರ ಬಸ್ಸಿಗೆ ಹೋದ್ರ ಆಗ್ತದ. ಚನ್ನುನ್ನ ಶಾಲಿಗೆ ಬಿಟ್ಟು ನಾನ ಕರ್ಕೊಂಡು ಹೋಗ್ತೀನಿ. ಸಂಜೀಮುಂದ ನಮ್ಮನಿಯವರು ಅಂಗಡಿ ಬಿಟ್ಟು ಬಂದು ಆಕೀನ್ನ ಕರ್ಕೊಂಡು ಬರ್ತಾರ.”

“ಬರ್ತೀನಿ,” ಎಂದರು. ಎದ್ದು ಒಳಗೆ ಹೋದರು. ರಿಜಿಸ್ಟರು ತಂದರು, ಅದರ ಮೇಲಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸುತ್ತ. ಕೊನೆಯ ಬರಹದ ಪುಟ ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಬರೆಯುವ ಹೊತ್ತಿಗೆ ನಿವೃತ್ತಿಯಾಗಿ ಐದು ವರ್ಷವಾಗಿದ್ದರೂ ಎಡಕ್ಕೆ ಗೇಜಿನ ಕಾಲಮ್ಮು ಎಳೆದಿದ್ದರು, ಖಾಲಿ. ಬಲಕ್ಕೆ ತಾರೀಕು, ಇಪ್ಪತ್ತೆರಡು ಫೆಬ್ರವರಿ. ಅದರ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ, ದಾಟಂಗಿಲ್ಲ ಎಂಬ ಆ ಮಾತಿನ ಆರು ಸಾಲು. ಆಮೇಲೆ ಬಿಳಿ ಪುಟಗಳು.

“ನನಗೊಂದು ಉಪಕಾರ ಮಾಡವಾ,” ಎಂದರು ಯಂಕೋಬ ಕಾಕಾ. “ನಾ ಮಾತು ಸುರು ಮಾಡೂಕಿಂತ ಮೊದಲ ಎದ್ದು ನಿಂತು ಈ ಹಾಳಿ ನೀ ಓದು. ಗಟ್ಯಾಗಿ, ಹಿಂದಿನ ಬೆಂಚಿಗೂ ಕೇಳೂಹಂಗ. ನಾನ ಓದಿದ್ರ ನಡುವ ಎಲ್ಲೆರ ಒಂದು ಮಾತು ಮೆತ್ತಗ ಮಾಡಿಬಿಡ್ತೀನಿ. ನೀ ಒಂದಕ್ಷರಾನೂ ಬಿಡಬ್ಯಾಡ.”